ಕಾಡುಮಂದಾರದ ತೊಗಟೆ

ಕೆಲವು ಸತ್ಯಗಳನ್ನು ಮನುಷ್ಯ ನಿವೃತ್ತಿಯಾದ ಮೇಲೆಯೇ ಹೇಳಿಕೊಳ್ಳಬೇಕು. ಮೊದಲೇ ಹೇಳಿದರೆ ಕೆಲಸಕ್ಕೆ ಕುತ್ತು. ನನಗೆ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ ಇರುವುದರಿಂದ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ, ನೀವೂ ಮೆಲ್ಲಗೆ ಓದಿಕೊಳ್ಳಿ. ನಾನು ಹೊನ್ನಾಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ, ಮತ್ತು ನನಗೆ ಮರಗಳು ಗೊತ್ತಿಲ್ಲ. ಪೂರ್ತಿ ಗೊತ್ತಿಲ್ಲ ಎಂದಲ್ಲ. ತೆಂಗು, ಮಾವು, ಬೇವು, ಹುಣಸೆ, ಅರಳಿ ಎದುರಿಗೆ ಬಂದರೆ ಗುರುತು ಹಿಡಿಯುತ್ತೇನೆ. ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಪಕ್ಕ ಇರುವುದರಿಂದ ಹೊಂಗೆಯೂ ಗೊತ್ತು. ಸಾಗುವಾನಿಯನ್ನು ಬಾಗಿಲು ಮಾಡಿಸಿದ ಮೇಲೆ ಗುರುತಿಸಬಲ್ಲೆ, ಅದಕ್ಕೂ ಮೊದಲಲ್ಲ. ಅದರಾಚೆಗೆ ಹಸಿರಾಗಿ, ಎತ್ತರವಾಗಿ ನಿಂತಿರುವುದೆಲ್ಲ ನನಗೆ ಒಂದೇ. ಎಲೆಯ ಒಳಗೆ ಏನೇನಿದೆ ಎಂದು ಕೇಳಿ, ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಐದು ಅಂಕಕ್ಕೆ ಹೇಳುತ್ತೇನೆ. ಅದು ಯಾವ ಮರದ ಎಲೆ ಎಂದು ಮಾತ್ರ ಕೇಳಬೇಡಿ. ಊರಿನ ಚರಂಡಿ ಪೈಪಿನ ನಕ್ಷೆಯೆಲ್ಲ ಬಾಯಿಪಾಠವಿದ್ದು, ಆ ಊರಿನಲ್ಲಿ ಒಬ್ಬರ ಮನೆಯೂ ಗೊತ್ತಿಲ್ಲದ ಇಂಜಿನಿಯರನ ಸ್ಥಿತಿ ನನ್ನದು. ಪ್ರಾಯೋಗಿಕ ಪರೀಕ್ಷೆಗೆ ವರ್ಷ ವರ್ಷವೂ ಅದೇ ಈರುಳ್ಳಿ ಸಿಪ್ಪೆ, ಅದೇ ದಾಸವಾಳದ ಹೂವು. ಒಂದು ಸಲ ಪಕ್ಕದ ಮನೆಯವರ ಕಾಂಪೌಂಡಿನ ದಾಸವಾಳ ಒಣಗಿಹೋದಾಗ ನಮ್ಮ ಇಡೀ ವಿಭಾಗವೇ ಗಾಬರಿಯಾಗಿತ್ತು. ವಿಭಾಗ ಎಂದರೆ ನಾನೊಬ್ಬನೇ.

ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಬಂದದ್ದು ಮಗಳು ಇಂಚರಳ ಶಾಲೆಯ ವಾಟ್ಸಾಪ್ ಗುಂಪಿನಿಂದ. ಅವಳು ಐದನೇ ತರಗತಿ. ಆ ಗುಂಪಿನಲ್ಲಿ ಬರುವ ಸಂದೇಶಗಳನ್ನು ನಾನು ಓದದೆಯೇ ಹೆಬ್ಬೆರಳು ಎತ್ತಿ ತೋರಿಸಿಬಿಡುತ್ತೇನೆ. ಹಾಗೆ ತೋರಿಸಿದ ಒಂದು ಹೆಬ್ಬೆರಳು ನಮ್ಮ ಹೆಸರು ನೋಂದಾಯಿಸಿಬಿಟ್ಟಿತ್ತು. ನ್ಯಾಮತಿ ರಸ್ತೆಯಲ್ಲಿರುವ ವೃಕ್ಷೋದ್ಯಾನದಲ್ಲಿ ತಿಂಗಳಿಗೊಂದು ಭಾನುವಾರ ಕುಟುಂಬಗಳಿಗಾಗಿ ನಿಸರ್ಗ ಪಾಠ. ಮಕ್ಕಳನ್ನು ಕಳಿಸಿ ತಂದೆತಾಯಿ ಮನೆಯಲ್ಲಿ ಕೂರುವಂತಿಲ್ಲ, ಇಬ್ಬರೂ ಕಡ್ಡಾಯ. ಬೆಳಿಗ್ಗೆ ಆರೂವರೆಗೆ ಗೇಟಿನ ಬಳಿ ಇರಬೇಕು. ಗಾಢ ಬಣ್ಣದ ಬಟ್ಟೆ ಬೇಡ, ಸೆಂಟು ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ, ಜೋರಾಗಿ ಮಾತು ಬೇಡ. ಭಾನುವಾರ ಬೆಳಿಗ್ಗೆ ಎಂಟರವರೆಗೆ ಮಲಗಿ, ಎದ್ದು ಪೇಪರ್ ಓದಿ, ಹತ್ತಕ್ಕೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವವನಿಗೆ ಇದು ಶಿಕ್ಷೆಯಲ್ಲದೆ ಮತ್ತೇನು? ನಿಸರ್ಗ ಎನ್ನುವುದು ಹನ್ನೊಂದು ಗಂಟೆಗೂ ಅಲ್ಲೇ ಇರುತ್ತದಲ್ಲ, ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ನಾನು ವಾದಿಸಿದೆ. ಹೆಂಡತಿ ಗಿರಿಜಾ ಬೀರು ತೆಗೆದು ನನ್ನ ಅಂಗಿಗಳನ್ನು ಒಂದೊಂದಾಗಿ ನೋಡಿದಳು. ಮಾಸಲು ಬಣ್ಣದ್ದು ಹುಡುಕುತ್ತಿದ್ದೀಯಾ ಎಂದು ಕೇಳಿದ್ದಕ್ಕೆ, ಹುಡುಕುವುದೇನು ಬಂತು, ಎಲ್ಲವೂ ನಡೆಯುತ್ತವೆ ಎಂದಳು.

ಗಿರಿಜಾ ಜಗಳೂರು ತಾಲ್ಲೂಕಿನವಳು, ಬಿಳಿಚೋಡಿನ ಹತ್ತಿರದ ಹಳ್ಳಿ. ಮದುವೆಯಾಗಿ ಹದಿನೈದು ವರ್ಷವಾದರೂ ನಮ್ಮ ಕಡೆಯ ತುಂಗಭದ್ರೆಯ ಬಗ್ಗೆ ಅವಳಿಗೆ ಒಂದು ಥರದ ಅಸಡ್ಡೆ. ನೀರಿದ್ದಲ್ಲಿ ಯಾರು ಬೇಕಾದರೂ ಬದುಕುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಏನಿದೆ ಎಂಬ ಧೋರಣೆ. ಆ ಬೆಳಿಗ್ಗೆ ಅವಳು ಐದಕ್ಕೇ ಎದ್ದು ಉಪ್ಪಿಟ್ಟು ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದಳು. ಸ್ಕೂಟರಿನಲ್ಲಿ ಮೂವರೂ ಹೋದೆವು.

ವೃಕ್ಷೋದ್ಯಾನ ಎಂದರೆ ಹಿಂದೆ ಕುರುಚಲು ಕಾಡಾಗಿದ್ದ ಗುಡ್ಡದ ಇಳಿಜಾರು. ಅಲ್ಲಿದ್ದ ಮರಗಳನ್ನು ಉಳಿಸಿಕೊಂಡು ಸುತ್ತ ತಂತಿ ಬೇಲಿ ಹಾಕಿದ್ದಾರೆ. ಒಳಗೆ ಹೋಗುತ್ತಿದ್ದಂತೆ ನಿಸರ್ಗ ನಮ್ಮನ್ನು ಸ್ವಾಗತಿಸಿದ್ದು ಬಾಯಿ ತೆರೆದು ನಿಂತ ಪೆಂಗ್ವಿನ್ ರೂಪದಲ್ಲಿ, ಅದು ಕಸದ ಡಬ್ಬಿ. ಮುಂದೆ ಸಿಮೆಂಟಿನ ಜಿಂಕೆ, ಸಿಮೆಂಟಿನ ಅಣಬೆ, ಅಣಬೆಯ ಕೆಳಗೆ ಕೂರಲು ಸಿಮೆಂಟಿನ ಮರದ ದಿಮ್ಮಿ. ನಿಜವಾದ ಮರಗಳ ಬುಡದಲ್ಲಿ ಹೆಸರು ಬರೆದ ತಗಡಿನ ಫಲಕಗಳಿದ್ದವು. ಹಿಂದೊಮ್ಮೆ ಬರೆದಿದ್ದ ಎನ್ನಬೇಕು, ಮೂರು ಬೇಸಿಗೆಯ ಬಿಸಿಲಿಗೆ ಅಕ್ಷರಗಳೆಲ್ಲ ಹಾರಿಹೋಗಿ ಬರೀ ತಗಡು ಉಳಿದಿತ್ತು. ಇಪ್ಪತ್ತರಷ್ಟು ಕುಟುಂಬಗಳು ಸೇರಿದ್ದವು, ಹೊನ್ನಾಳಿಯವರು, ನ್ಯಾಮತಿಯವರು, ಚನ್ನಗಿರಿಯಿಂದ ಕಾರು ಮಾಡಿಕೊಂಡು ಬಂದವರೂ ಇದ್ದರು. ಉಸ್ತುವಾರಿಯ ಮೇಡಂ, ಇನ್ನೂ ಮೂವತ್ತೂ ತುಂಬಿರದ ಚುರುಕಿನ ಹೆಣ್ಣುಮಗಳು, ಕೈಯಲ್ಲಿ ಫೋನು ಹಿಡಿದು ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಶಿವಮೊಗ್ಗದಿಂದ ಬರಬೇಕಾಗಿದ್ದ ಸಸ್ಯತಜ್ಞರಿಗೆ ಜ್ವರವಂತೆ. ತಾನು ಹಕ್ಕಿಗಳ ಬಗ್ಗೆ ಓದಿದವಳು, ಮರಗಳು ಅಷ್ಟಾಗಿ ಗೊತ್ತಿಲ್ಲ, ನಿಮ್ಮಲ್ಲಿ ಯಾರಾದರೂ ಸಸ್ಯಶಾಸ್ತ್ರ ಓದಿದವರು ಇದ್ದೀರಾ ಎಂದು ಕೇಳಿದರು.

ನಾನು ಪೆಂಗ್ವಿನ್ನಿನ ಹಿಂದೆ ಸರಿಯುವಷ್ಟರಲ್ಲಿ ಇಂಚರ ಕೈ ಎತ್ತಿದ್ದಳು. ತನ್ನ ಕೈಯಲ್ಲ, ನನ್ನ ಕೈ. ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ, "ನಮ್ಮಪ್ಪ ಬಯಾಲಜಿ ಲೆಕ್ಚರರ್" ಎಂದಳು.

ನೀವು ಇಲ್ಲಿ ನನ್ನ ಕಷ್ಟ ಅರ್ಥ ಮಾಡಿಕೊಳ್ಳಬೇಕು. ಅವಳ ತರಗತಿಯಲ್ಲಿ ಒಬ್ಬನ ಅಪ್ಪನ ಹತ್ತಿರ ಜೆಸಿಬಿ ಇದೆ. ಇನ್ನೊಬ್ಬಳ ಅಪ್ಪ ಪೊಲೀಸ್. ಮತ್ತೊಬ್ಬಳ ಅಪ್ಪ ಸೂಳೆಕೆರೆಯಲ್ಲಿ ದೋಣಿಯ ಮೇಲೆ ನಿಂತು ತನ್ನಷ್ಟೇ ಉದ್ದದ ಮೀನು ಹಿಡಿದ ಫೋಟೋ ಇದೆ. ಮಗಳು ಹುಟ್ಟಿ ಹತ್ತು ವರ್ಷದಲ್ಲಿ ನನ್ನನ್ನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ತೋರಿಸಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಅವಳ ಮುಖ ನೋಡಿ "ನನಗೆ ಬರುವುದಿಲ್ಲ" ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಮೇಡಂ ಕೈಮುಗಿದು, ಸಾರ್, ನೀವು ದೇವರು ಬಂದ ಹಾಗೆ ಬಂದಿರಿ ಎಂದರು. ದೇವರು ಮೆರವಣಿಗೆಗೆ ಹೊರಟಿತು.

ಮೊದಲನೆಯದು ಬೇವು. ನನ್ನ ಪುಣ್ಯ. ಬೇವಿನ ಬಗ್ಗೆ ಹತ್ತು ನಿಮಿಷ ಮಾತನಾಡಿದೆ. ಎರಡನೆಯದು ಹೊಂಗೆ, ಅದಕ್ಕೂ ಹತ್ತು ನಿಮಿಷ. ಹೀಗೇ ಹೋದರೆ ನಾಲ್ಕನೆಯ ಮರಕ್ಕೆ ಬಿಸಿಲೇರಿ ಎಲ್ಲರೂ ಮನೆಗೆ ಹೋಗುತ್ತಾರೆ ಎಂದು ನನ್ನ ಲೆಕ್ಕಾಚಾರ. ಆದರೆ ಮೇಡಂ, ಸಾರ್, ಒಟ್ಟು ಮೂವತ್ತು ಮರ ಇವೆ, ಸ್ವಲ್ಪ ಬೇಗ ಎಂದರು. ಮೂರನೆಯ ಮರ ಯಾವುದೆಂದು ತಿಳಿಯಲಿಲ್ಲ. ತರಗತಿಯಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಾಗ ಮೇಷ್ಟ್ರುಗಳೆಲ್ಲ ಮಾಡುವ ಉಪಾಯವನ್ನೇ ಮಾಡಿದೆ; ಮಕ್ಕಳ ಕಡೆ ತಿರುಗಿ, ನೀವೇ ಹೇಳಿ ನೋಡೋಣ ಎಂದೆ. ಒಬ್ಬ ಪುಟ್ಟ ಹುಡುಗಿ ಬಹಳ ವಿನಯದಿಂದ, ನಮಗೆ ಗೊತ್ತಿಲ್ಲ ಸಾರ್, ಅದಕ್ಕೇ ಬಂದಿರೋದು ಎಂದಳು. ಆಗ ನನ್ನ ಬಾಯಿಂದ "ಹೊನ್ನೆ" ಎಂದು ಬಂತು. ಹೊನ್ನಾಳಿಯ ಸುತ್ತ ಹೊನ್ನೆ ಇರಲೇಬೇಕಲ್ಲ ಎಂಬುದಷ್ಟೇ ನನ್ನ ಆಧಾರ. ಯಾರೂ ತಕರಾರು ಮಾಡಲಿಲ್ಲ. ಇಂಚರ ನೋಟ್‌ಬುಕ್ಕಿನಲ್ಲಿ ದುಂಡಗೆ "ಹೊನ್ನೆ" ಎಂದು ಬರೆದು, ಒಂದು ಎಲೆ ಅಂಟಿಸಿದಳು.

ಸುಳ್ಳಿಗೂ ಒಂದು ಲಯ ಇರುತ್ತದೆ, ಹತ್ತಿದರೆ ಬಿಡುವುದಿಲ್ಲ. ಐದಾರು ಮರಗಳಾಗುವಷ್ಟರಲ್ಲಿ ನನಗೆ ಒಂದು ಅದ್ಭುತವಾದ ಸೂತ್ರ ಸಿಕ್ಕಿತು. ಗೊತ್ತಿಲ್ಲದ ಮರದ ಎಲೆ ಗೊತ್ತಿರುವ ಯಾವುದರ ಎಲೆಯನ್ನು ಸ್ವಲ್ಪ ಹೋಲುತ್ತದೆ ಎಂದು ನೋಡುವುದು, ಅದರ ಹೆಸರಿನ ಮೊದಲಿಗೆ "ಕಾಡು" ಸೇರಿಸುವುದು. ಕಾಡುಬೇವು, ಕಾಡುಹುಣಸೆ, ಕಾಡುನುಗ್ಗೆ. ಕಾಡು ಎಂದ ಮೇಲೆ ಯಾರು ಪ್ರಶ್ನಿಸುತ್ತಾರೆ? ಚನ್ನಗಿರಿಯ ಅಡಿಕೆ ಮಂಡಿಯ ಮಾಲೀಕ ಶೇಖರಪ್ಪ ಎಂಬವರು ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಇಟ್ಟುಕೊಂಡು ಪ್ರತಿ ಮರಕ್ಕೂ ಫೋನು ಹಿಡಿಯುತ್ತಿದ್ದುದು ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿಸುತ್ತಿತ್ತು. ಅಲ್ಲಿ ಟವರ್ ಸಿಗುತ್ತಿರಲಿಲ್ಲ. ಆ ಕಂಪನಿಯ ನೆಟ್‌ವರ್ಕನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಮನಸಾರೆ ಹರಸಿದೆ. ಕಡೆಗೆ ಅವರು ಫೋನು ಜೇಬಿಗೆ ಹಾಕಿಕೊಂಡು, "ಸಾರು ಇರೋವಾಗ ಇದ್ಯಾಕೆ ಬೇಕ್ರಿ" ಎಂದರು.

ಇಳಿಜಾರಿನ ತುದಿಯಲ್ಲಿ ಒಂದು ಎತ್ತರದ ಮರ. ಬೂದು ಬಣ್ಣದ ಒರಟು ತೊಗಟೆ, ತೆಳ್ಳಗೆ ಬಾಗಿದ ಕೊಂಬೆಗಳು, ಎರಡೆರಡು ಎಲೆ ಜೋಡಿಯಾಗಿ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಮಂದಾರದ ಎಲೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆಂದು ನೆನಪಾಯಿತು. "ಕಾಡುಮಂದಾರ" ಎಂದೆ. ಹೆಸರು ನನಗೇ ಇಷ್ಟವಾಯಿತು. ಶೇಖರಪ್ಪನವರಿಗೂ ಇಷ್ಟವಾಯಿತೆಂದು ಕಾಣುತ್ತದೆ. ಮರವನ್ನು ತಟ್ಟಿ, ಇದರ ತೊಗಟೆ ಯಾವುದಕ್ಕಾದರೂ ಬರುತ್ತದಾ ಸಾರ್, ನಮ್ಮವ್ವನಿಗೆ ಮಂಡಿನೋವು ವಿಪರೀತ ಎಂದರು. ಅಡಿಕೆ ಮಂಡಿಯವರಿಗೆ ಮಂಡಿಯದೇ ಚಿಂತೆ ಎಂದು ತಮಾಷೆ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಸುತ್ತ ಅರವತ್ತು ಜೊತೆ ಕಣ್ಣುಗಳು, ಪೆನ್ಸಿಲ್ ಹಿಡಿದು ಕಾಯುತ್ತಿರುವ ಮಗಳು. ನಾನು ಗಂಭೀರವಾಗಿ ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿ, ಹಿಂದಿನವರು ಅರೆದು ಪಟ್ಟು ಹಾಕುತ್ತಿದ್ದರಂತೆ ಎಂದೆ. ಅಲ್ಲೇ ನಿಂತಿದ್ದ ಪಾರ್ಕಿನ ವಾಚರ್ ಹಾಲಪ್ಪ ಕೆಮ್ಮಿದ. ಬೆಳಗಿನ ಚಳಿಗೆ ಕೆಮ್ಮು ಸಹಜ ಎಂದುಕೊಂಡೆ.

ಉಪ್ಪಿಟ್ಟು ತಿಂದು, ಚಪ್ಪಾಳೆ ತಟ್ಟಿಸಿಕೊಂಡು, ಮೇಡಂ ಕೊಟ್ಟ ಒಂದು ನೆಲ್ಲಿ ಸಸಿ ಹಿಡಿದು ಮನೆಗೆ ಹೊರಟೆವು. ಇಂಚರ ಸ್ಕೂಟರಿನ ಮುಂದೆ ನಿಂತು ದಾರಿಯುದ್ದಕ್ಕೂ ಮರಗಳ ಹೆಸರು ಹೇಳಿಕೊಳ್ಳುತ್ತಿದ್ದಳು. ಮನೆಗೆ ಬಂದ ಮೇಲೆ ಗಿರಿಜಾ ಡಬ್ಬಿ ತೊಳೆಯುತ್ತಾ, ತಿರುಗಿಯೂ ನೋಡದೆ, "ಅದು ಕಮರ ಕಣ್ರಿ" ಎಂದಳು.

ಯಾವುದು ಎಂದೆ.

"ನೀವು ಮಂದಾರ ಮಾಡಿದ್ದು. ನಮ್ಮೂರಾಗೆ ಕಾಡೆಲ್ಲ ಅದೇ ಐತೆ. ಕುರಿ ಮೇಕೆಗೆ ಸೊಪ್ಪು ಕಡಿದು ಹಾಕ್ತಾರೆ. ಆ ನಿಮ್ಮ ಹೊನ್ನೆ, ಅದು ಹೊನ್ನೆ ಅಲ್ಲ, ದಿಂಡಿಗ."

ಅಲ್ಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಅಷ್ಟು ಜನರ ಮುಂದೆ ಲೆಕ್ಚರರ ತಪ್ಪನ್ನು ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡವಳು ತಿದ್ದಿದರೆ ಚೆನ್ನಾಗಿರುತ್ತದಾ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಮರ್ಯಾದೆ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂದು ನನಗೆ ಇವತ್ತಿಗೂ ತೂಗಿ ನೋಡಲು ಆಗಿಲ್ಲ. ಹೋಗಲಿ ಬಿಡು, ಮರಕ್ಕೆ ಹೆಸರು ಬದಲಾದರೆ ಮರಕ್ಕೇನು ನಷ್ಟ, ಮುಂದಿನ ತಿಂಗಳು ಆ ತಜ್ಞರ ಜ್ವರ ಇಳಿದಿರುತ್ತದೆ, ಅವರೇ ಸರಿ ಮಾಡುತ್ತಾರೆ ಎಂದು ನಾನು ಪೇಪರ್ ಹಿಡಿದು ಕೂತೆ.

ಮೂರು ವಾರ ಶಾಂತವಾಗಿ ಕಳೆಯಿತು. ನಾಲ್ಕನೆಯ ವಾರ, ಶುಕ್ರವಾರ ಸಂಜೆ, ಹಾಲಪ್ಪ ನಮ್ಮ ಮನೆ ಹುಡುಕಿಕೊಂಡು ಬಂದ. ಒಳಗೆ ಕರೆದರೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ಕುಳಿತ. ನೀರು ಕುಡಿದು ವಿಷಯ ಹೇಳಿದ. ಶೇಖರಪ್ಪನವರು ತೋಟ ನೋಡಲೆಂದು ವಾರಕ್ಕೆರಡು ಸಲ ನ್ಯಾಮತಿ ಕಡೆ ಬರುತ್ತಾರೆ. ಬಂದಾಗಲೆಲ್ಲ ಪಾರ್ಕಿಗೆ ಬಂದು ಒಂದು ಅಂಗೈಯಗಲ ತೊಗಟೆ ಕಿತ್ತುಕೊಂಡು ಹೋಗುತ್ತಾರೆ. ಅವರ ತಾಯಿಗೆ ಗುಣ ಕಂಡಿದೆಯಂತೆ. ಅದನ್ನು ಮಂಡಿಯಲ್ಲಿ ಹೇಳಿದ್ದಾರೆ. ಅಡಿಕೆ ತಂದವರೆಲ್ಲ ಕೇಳಿಸಿಕೊಂಡಿದ್ದಾರೆ. ಈಗ ಎಲ್ಲೆಲ್ಲಿಂದಲೋ ಜನ ಬಂದು "ಕಾಡುಮಂದಾರ ಯಾವುದು" ಎಂದು ಕೇಳಿ, ಹಾಲಪ್ಪ ಅತ್ತ ಹೋದಾಗ ಇತ್ತ ಕುಡುಗೋಲು ಹಾಕುತ್ತಿದ್ದಾರೆ. ಮರದ ಸುತ್ತ ಒಂದು ಮೊಳ ಎತ್ತರದವರೆಗೆ ತೊಗಟೆ ಹೋಗಿದೆ, ಇನ್ನು ಉಳಿದಿರುವುದು ಒಂದು ಪಟ್ಟಿ. ಅದೂ ಹೋಯಿತೆಂದರೆ ಮರ ಒಣಗುತ್ತದೆ.

ಯಾಕೆ ಒಣಗುತ್ತದೆ ಎಂದು ಅವನು ವಿವರಿಸಬೇಕಾಗಿರಲಿಲ್ಲ. ತೊಗಟೆಯ ಒಳಪದರದಲ್ಲಿ ಆಹಾರ ಸಾಗಿಸುವ ಅಂಗಾಂಶ ಇರುತ್ತದೆ, ಸುತ್ತಲೂ ಉಂಗುರದಂತೆ ತೆಗೆದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಇಪ್ಪತ್ತೆರಡು ವರ್ಷದಿಂದ ನಾನೇ ಚಿತ್ರ ಬರೆದು ಪಾಠ ಮಾಡುತ್ತಿರುವ ಪ್ರಯೋಗ. ಮೊದಲ ಸಲ ಅದನ್ನು ನಾನು ಮಾಡಿ ತೋರಿಸಿದ್ದೆ, ಅದೂ ನಿಸರ್ಗ ಪಾಠದ ದಿನ.

"ನೀವು ಹೆಸರು ತಪ್ಪು ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ ಸಾರ್" ಎಂದ ಹಾಲಪ್ಪ, ಮುಖ ಬೇರೆ ಕಡೆ ತಿರುಗಿಸಿ. "ಮರಕ್ಕೆ ಹೆಂಗೆ ಕರೆದ್ರೂ ಒಂದೇ. ತೊಗಟೆ ವಿಷ್ಯ ಯಾಕೆ ಎತ್ತಿದ್ರಿ?"

ಅವನಿಗೂ ಕಮರ ಗೊತ್ತಿತ್ತು. ಆ ದಿನದ ಕೆಮ್ಮು ಚಳಿಯದಲ್ಲ ಎಂದು ನನಗೆ ಆಗ ಹೊಳೆಯಿತು. ಎಷ್ಟು ಜನರಿಗೆ ಗೊತ್ತಿತ್ತು, ಎಷ್ಟು ಜನ ಮರ್ಯಾದೆಗಾಗಿ ಕೆಮ್ಮಿ ಸುಮ್ಮನಾದರು ಎಂದು ಲೆಕ್ಕ ಹಾಕಲು ಹೋದರೆ ಕಿವಿ ಬಿಸಿಯಾಗುತ್ತಿತ್ತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಶೇಖರಪ್ಪನ ಮೇಲೆ, ಅವರ ಆ್ಯಪಿನ ಮೇಲೆ, ಸಿಗದ ಟವರಿನ ಮೇಲೆ, ಜ್ವರ ಬರಿಸಿಕೊಂಡ ಶಿವಮೊಗ್ಗದವರ ಮೇಲೆ, ಮಕ್ಕಳನ್ನು ಅವರ ಪಾಡಿಗೆ ಜಾರುಬಂಡೆಯಲ್ಲಿ ಆಡಲು ಬಿಡದೆ ಭಾನುವಾರವೂ ಪಾಠ ಮಾಡಿಸುವ ಈ ಕಾಲದ ಮೇಲೆ. ಒಬ್ಬನನ್ನು ಮಾತ್ರ ಬಿಟ್ಟು ಎಲ್ಲರನ್ನೂ ಬೈದು ಮುಗಿಸಿದಾಗ ಹಾಲಪ್ಪ ಇನ್ನೂ ಮೆಟ್ಟಿಲ ಮೇಲೆ ಕುಳಿತೇ ಇದ್ದ. ಭಾನುವಾರ ಬಂದು ಎಲ್ಲರೆದುರು ಸರಿಮಾಡುತ್ತೇನೆ ಎಂದು ಮಾತು ಕೊಟ್ಟು ಕಳಿಸಿದೆ.

ಆದರೆ ಅದಕ್ಕೂ ಮೊದಲು ಒಬ್ಬಳಿಗೆ ಹೇಳಬೇಕಿತ್ತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಕರೆತರುವಾಗ ಸ್ಕೂಟರನ್ನು ಐಸ್‌ಕ್ರೀಮ್ ಗಾಡಿಯ ಬಳಿ ನಿಲ್ಲಿಸಿದೆ. ಐಸ್‌ಕ್ರೀಮ್ ಕೊಡಿಸಿ ಹೇಳಿದರೆ ಪೆಟ್ಟು ಕಡಿಮೆ ಎಂಬ ಲೆಕ್ಕ. ಹೇಳಿದೆ. ಹೊನ್ನೆ ಹೊನ್ನೆಯಲ್ಲ, ಕಾಡುನುಗ್ಗೆ ಎಂಬುದು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಮಂದಾರ ಕಮರ, ಅದರ ತೊಗಟೆಯ ಕಥೆ ನಾನೇ ಹುಟ್ಟಿಸಿದ್ದು. ಅವಳು ಐಸ್‌ಕ್ರೀಮ್ ಪೂರ್ತಿ ತಿಂದು, ಕಡ್ಡಿಯನ್ನು ಜೇಬಿಗೆ ಹಾಕಿಕೊಂಡಳು. ಕಸ ಬಿಸಾಡಬಾರದೆಂದು ಅದೇ ನಿಸರ್ಗ ಪಾಠದಲ್ಲಿ ಕಲಿತದ್ದು. ಆಮೇಲೆ, "ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲಪ್ಪ" ಎಂದಳು. ನೀನು ಕೈ ಎತ್ತಿಸಿಬಿಟ್ಟೆಯಲ್ಲ ಎಂದೆ. ನಾನು ಕೈ ಎತ್ತಿಸಿದ್ದು ಅಷ್ಟೇ, ಸುಳ್ಳು ಹೇಳು ಅನ್ನಲಿಲ್ಲವಲ್ಲ ಎಂದಳು. ಹತ್ತು ವರ್ಷದವರ ಜೊತೆ ವಾದ ಮಾಡಬಾರದು; ಅವರ ಹತ್ತಿರ ನಮ್ಮಷ್ಟು ನೆಪಗಳಿರುವುದಿಲ್ಲ. ಮನೆಗೆ ಬಂದವಳೇ ನೋಟ್‌ಬುಕ್ ತೆಗೆದು, ರಬ್ಬರ್ ಹಿಡಿದು, ಅಮ್ಮನ ಪಕ್ಕ ಕೂತಳು. ಅಡುಗೆಮನೆಯಿಂದ ಗಿರಿಜಾ ಒಂದೊಂದೇ ಎಲೆ ನೋಡಿ ಹೆಸರು ಹೇಳುವುದು, ಇವಳು ಅಳಿಸಿ ಬರೆಯುವುದು ನನಗೆ ಕೇಳುತ್ತಿತ್ತು. ಎರಡು ಎಲೆಗಳಿಗೆ ಗಿರಿಜಾ, ಇದು ನಂಗೂ ಗೊತ್ತಿಲ್ಲವ್ವ, ಖಾಲಿ ಬಿಡು ಎಂದಳು. ಎಷ್ಟು ಸಲೀಸಾಗಿ ಎಂದಳು ಎಂದರೆ, ಉಪ್ಪು ಕಡಿಮೆಯಾಯಿತು ಎನ್ನುವ ಹಾಗೆ.

ಭಾನುವಾರ ಆರೂವರೆಗೆ ಮತ್ತೆ ಪೆಂಗ್ವಿನ್ನಿನ ಮುಂದೆ ಹಾಜರಾದೆವು. ಶಿವಮೊಗ್ಗದವರು ಈ ಸಲವೂ ಬಂದಿರಲಿಲ್ಲ. ಬಂದಿದ್ದರೂ ಮೇಡಂಗೆ ಅವರು ಬೇಕಾಗಿರಲಿಲ್ಲ, ಏಕೆಂದರೆ ನಾನಿದ್ದೆ. ಶೇಖರಪ್ಪ ತಮ್ಮ ತಾಯಿಯನ್ನೇ ಕಾರಿನಲ್ಲಿ ಕರೆತಂದಿದ್ದರು, ಗುಣ ಮಾಡಿದ ಸಾರನ್ನು ತೋರಿಸಲು. ಬೆಳ್ಳನೆ ಕೂದಲಿನ, ಹಣೆಗೆ ಅಗಲವಾಗಿ ವಿಭೂತಿ ಧರಿಸಿದ ಅಜ್ಜಿ ಸಿಮೆಂಟಿನ ದಿಮ್ಮಿಯ ಮೇಲೆ ಕುಳಿತು ನನಗೆ ಕೈಮುಗಿದರು. ನನಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ಆದರೂ ಎಲ್ಲರನ್ನೂ ಆ ಮರದ ಹತ್ತಿರ ಕರೆದುಕೊಂಡು ಹೋದೆ. ತೊಗಟೆ ಸುಲಿದ ಜಾಗ ಕೆಂಪಗೆ, ಹಸಿ ಗಾಯದ ಹಾಗೆ ಕಾಣುತ್ತಿತ್ತು. ಒಂದು ಬದಿಯಲ್ಲಿ ಉಳಿದ ಪಟ್ಟಿಗೆ ಹಾಲಪ್ಪ ಗೋಣಿತಾಟು ಸುತ್ತಿ ಕಟ್ಟಿದ್ದ. ನಾನು ಅದನ್ನೇ ನೋಡುತ್ತಾ ಹೇಳಿದೆ. ಕಳೆದ ತಿಂಗಳು ನಾನು ಹೇಳಿದ ಹೆಸರುಗಳಲ್ಲಿ ಬೇವು, ಹೊಂಗೆ ಬಿಟ್ಟರೆ ಮಿಕ್ಕವುಗಳಿಗೆ ಆಧಾರವಿಲ್ಲ. ನನಗೆ ಮರಗಳು ಗೊತ್ತಿಲ್ಲ. ಇದು ಕಾಡುಮಂದಾರವಲ್ಲ, ಕಮರ. ಇದರ ತೊಗಟೆಯಿಂದ ಮಂಡಿನೋವು ಹೋಗುತ್ತದೆಂದು ಯಾರೂ ನನಗೆ ಹೇಳಿಲ್ಲ, ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಹೇಳಿದೆ, ತಪ್ಪಾಯಿತು.

ಇಷ್ಟು ಹೇಳಲು ನಾನು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದೆ. ಬೈಯುತ್ತಾರೆ, ನಗುತ್ತಾರೆ, ಮಗಳ ಮುಂದೆ ಮಾನ ಹೋಗುತ್ತದೆ, ಎಲ್ಲಕ್ಕೂ ಸಿದ್ಧನಾಗಿದ್ದೆ. ಒಂದಕ್ಕೆ ಮಾತ್ರ ಸಿದ್ಧನಾಗಿರಲಿಲ್ಲ. ಯಾರೂ ನಂಬಲಿಲ್ಲ.

ಶೇಖರಪ್ಪ ಮೊದಲು ನಕ್ಕರು. ಆಮೇಲೆ ಪಕ್ಕದವರಿಗೆ, "ಸಾರು ಮರ ಉಳಿಸಾಕೆ ಹಿಂಗೆ ಹೇಳ್ತಾರೆ. ದೊಡ್ಡ ಮನಸು" ಎಂದರು. ಔಷಧಿಯ ಗುಟ್ಟನ್ನು ಹೀಗೆ ಬಹಿರಂಗವಾಗಿ ಹೇಳಿದ ಮೇಲೆ ಸಾರಿಗೆ ಪಶ್ಚಾತ್ತಾಪವಾಗಿದೆ ಎಂದು ಇನ್ನೊಬ್ಬರು ವ್ಯಾಖ್ಯಾನ ಮಾಡಿದರು. ಇಲ್ಲ ಸ್ವಾಮಿ, ನಿಜವಾಗಿಯೂ ಗೊತ್ತಿಲ್ಲ ಎಂದು ನಾನು ದನಿ ಎತ್ತಿದಷ್ಟೂ ಅವರ ಗೌರವ ಹೆಚ್ಚುತ್ತಿತ್ತು. ಸುಳ್ಳು ಹೇಳಿದಾಗ ಒಂದೇ ಏಟಿಗೆ ನಂಬಿದ ಜನ, ನಿಜ ಹೇಳಿದರೆ ಸಾಕ್ಷಿ ಕೇಳುವುದೂ ಇಲ್ಲ, ಸುಮ್ಮನೆ ನಗುತ್ತಾರೆ. ಒಬ್ಬ ಮಹನೀಯರು ಆಗಲೇ ಗೋಣಿತಾಟನ್ನು ಸ್ವಲ್ಪ ಸರಿಸಿ ಒಳಗೆ ಇಣುಕುತ್ತಿದ್ದರು. ಹಾಲಪ್ಪ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಮರ ಉಳಿದದ್ದು ನನ್ನಿಂದಲ್ಲ. ನಾನು ಅತ್ತ ಗಂಟಲು ಹರಿದುಕೊಳ್ಳುತ್ತಿರುವಾಗ ಇತ್ತ ಗಿರಿಜಾ ಅಜ್ಜಿಯ ಪಕ್ಕ ದಿಮ್ಮಿಯ ಮೇಲೆ ಕುಳಿತು ಉಪ್ಪಿಟ್ಟು ಕೊಟ್ಟು ಮಾತಿಗೆ ಇಳಿದಿದ್ದಳು. ನಿಜವಾಗಿಯೂ ವಾಸಿಯಾಗಿದೆಯಾ ಎಂದು ಕೇಳಿದಳಂತೆ. ಅಜ್ಜಿ ಮಗನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ತೊಗಟೆಯಿಂದ ಅಲ್ಲವ್ವ. ಅದು ಹಚ್ಚಿದ್ರೆ ಕೆರೆತ ಬರ್ತೈತೆ. ನನ್ನ ಮಗ ದಿನಾ ಸಂಜಿಗೆ ಅರ್ಧ ತಾಸು ಕುಂತು ಹಚ್ತಾನಲ್ಲ, ಅದಕ್ಕೆ ಹಗುರಾಗೈತೆ" ಎಂದರಂತೆ. ಮಂಡಿಯಿಂದ ಬಂದರೆ ಫೋನು, ಊಟಕ್ಕೆ ಕೂತರೂ ಫೋನು. ಮಗ ಪಕ್ಕ ಬಂದು ಕೂತು ಎಷ್ಟೋ ವರ್ಷವಾಗಿತ್ತಂತೆ. ಈಗ ಪಟ್ಟು ಹಾಕುತ್ತಾ ತೋಟದ ವಿಷಯ, ತೀರಿಹೋದ ಅಪ್ಪನ ವಿಷಯ ಎಲ್ಲ ಮಾತನಾಡುತ್ತಾನಂತೆ. ಕೆರೆತ ಎಂದು ಹೇಳಿದರೆ ಎಲ್ಲಿ ಅದೂ ನಿಂತುಹೋಗುತ್ತದೋ ಎಂದು ಅಜ್ಜಿ ಒಂದು ತಿಂಗಳಿಂದ ಬಾಯಿ ಮುಚ್ಚಿಕೊಂಡು ಕೆರೆದುಕೊಳ್ಳುತ್ತಿದ್ದರು.

ಗಿರಿಜಾ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಅಜ್ಜಿ ಕೋಲೂರಿ ಎದ್ದು, ಜನರನ್ನು ಸರಿಸಿಕೊಂಡು ಮರದ ಬುಡಕ್ಕೆ ಬಂದು, ಗೋಣಿತಾಟಿನ ಮೇಲೆ ಕೈಯಿಟ್ಟರು. "ಶೇಖರಾ, ಇದು ಸಾಕಪ್ಪ. ನಂಗೆ ಉರೀತೈತೆ. ನಾಳಿಂದ ಹರಳೆಣ್ಣಿ ಹಚ್ಚು, ಬಿಸಿ ಮಾಡಿ. ದಿನಾ ಹಚ್ಚಬೇಕು, ನೀನೇ ಹಚ್ಚಬೇಕು. ಬಿಟ್ರೆ ಮತ್ತೆ ಹಿಡ್ಕಂತೈತೆ" ಎಂದರು. ತಾಯಿಯ ಬಾಯಿಂದಲೇ ಬಂದ ಮೇಲೆ ಮಾತು ಮುಗಿಯಿತು. ಉರಿಯುತ್ತದಂತೆ ಎಂದು ಒಬ್ಬರಿಂದೊಬ್ಬರಿಗೆ ಹೋಯಿತು. ಇಣುಕುತ್ತಿದ್ದ ಮಹನೀಯರು ಗೋಣಿತಾಟನ್ನು ಮೊದಲಿಗಿಂತ ಚೆನ್ನಾಗಿ ಮುಚ್ಚಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಶೇಖರಪ್ಪನವರ ಮುಖ ಮಾತ್ರ ಸ್ವಲ್ಪ ಹೊತ್ತು ಹೇಗೋ ಆಗಿತ್ತು. ಆಮೇಲೆ ಅವರು ತಾಯಿಯ ತೋಳು ಹಿಡಿದು, ಎಲ್ಲೂ ನಿಲ್ಲದೆ, ಫೋನೂ ತೆಗೆಯದೆ, ನಿಧಾನವಾಗಿ ಇಳಿಜಾರು ಇಳಿಸಿಕೊಂಡು ಹೋದರು. ಅಷ್ಟು ದೂರವೂ ಅಜ್ಜಿ ಮಾತನಾಡುತ್ತಲೇ ಇದ್ದರು.

ಈಗ ಫಲಕಗಳಿಗೆ ಹೊಸದಾಗಿ ಹೆಸರು ಬರೆಸಿದ್ದಾರೆ. ಇಂಚರಳ ನೋಟ್‌ಬುಕ್ಕಿನಿಂದ ನೋಡಿ, ಹಾಲಪ್ಪನನ್ನು ಕೇಳಿ, ಕಡೆಗೂ ಜ್ವರ ಬಿಟ್ಟು ಬಂದ ಶಿವಮೊಗ್ಗದವರಿಂದ ಒಪ್ಪಿಗೆ ಪಡೆದು ಬರೆಸಿದ್ದು. ಎರಡು ಮರಗಳ ತಗಡುಗಳು ಇನ್ನೂ ಖಾಲಿ ಇವೆ. ಅವರೂ ಯೋಚಿಸಿ ಹೇಳುತ್ತೇನೆ ಎಂದು ಹೋದರಂತೆ. ಕಮರಕ್ಕೆ ಮಳೆಗಾಲದಲ್ಲಿ ಹೊಸ ಚಿಗುರು ಬಂತು, ಒಂದೇ ಬದಿಯಲ್ಲಿ. ಇನ್ನೊಂದು ಬದಿ ಬರುತ್ತದೋ ಇಲ್ಲವೋ ಎಂದು ಹಾಲಪ್ಪನನ್ನು ಕೇಳಿದರೆ, ನೋಡಾನ ಸಾರ್ ಎನ್ನುತ್ತಾನೆ. ನಾನು ತಿಂಗಳು ತಿಂಗಳೂ ಹೋಗುತ್ತೇನೆ, ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡು ಹಿಂದೆ ನಡೆಯುತ್ತೇನೆ. ಮುಂದೆ ಗಿರಿಜಾ ಮತ್ತು ಇಂಚರ.

ಕಳೆದ ಭಾನುವಾರ ನ್ಯಾಮತಿಯ ಒಂದು ಹೊಸ ಕುಟುಂಬ ಬಂದಿತ್ತು. ಆ ಮನೆಯ ಯಜಮಾನರು ನೇರವಾಗಿ ನನ್ನ ಬಳಿಯೇ ಬಂದು, ಒಂದು ಮರ ತೋರಿಸಿ, ಇದು ಯಾವುದು ಸಾರ್ ಎಂದರು. ನನಗೆ ಗೊತ್ತಿಲ್ಲ, ನಮ್ಮ ಮನೆಯವರನ್ನು ಕೇಳಿ ಎಂದೆ. ನನ್ನ ಜೀವನದಲ್ಲಿ ಇಷ್ಟು ಶುದ್ಧವಾದ ವಾಕ್ಯವನ್ನು ನಾನು ಆಡಿಲ್ಲ. ಪಕ್ಕದಲ್ಲಿದ್ದ ಮೇಡಂ ಆ ಯಜಮಾನರ ಕಡೆ ಬಾಗಿ, ಮೆಚ್ಚುಗೆ ತುಂಬಿದ ದನಿಯಲ್ಲಿ, "ಇವರು ಇಪ್ಪತ್ತೆರಡು ವರ್ಷದ ಲೆಕ್ಚರರು. ಆದರೂ ನೋಡಿ, ಗೊತ್ತಿಲ್ಲ ಅಂತಾರೆ. ತುಂಬಿದ ಕೊಡ ತುಳುಕಲ್ಲ" ಎಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯವೆಂದೇ ತೆಗೆದುಕೊಂಡರು. ಆ ಯಜಮಾನರು ಮಕ್ಕಳನ್ನು ಕರೆದು ನನಗೆ ನಮಸ್ಕಾರ ಮಾಡಿಸಿದರು.

ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಗಿರಿಜಾಳಿಗೆ ಹೇಳಿಕೊಂಡೆ, ಏನು ಮಾಡಿದರೂ ಈ ಜನ ನನ್ನನ್ನು ಪಂಡಿತನ ಸ್ಥಾನದಿಂದ ಕೆಳಗಿಳಿಸುತ್ತಿಲ್ಲವಲ್ಲ ಎಂದು. ಅವಳು ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ ಸಮಾಧಾನ ಹೇಳಿದಳು.

"ತಲೆ ಕೆಡಿಸ್ಕಬೇಡ್ರಿ. ಖಾಲಿ ಕೊಡಾನೂ ತುಳುಕಾಕಿ‌ಲ್ಲ."